ಪ್ರಿಪ್ರಿಂಟೋ, ಪ್ರಕಟಿತವೋ ಎಂಬ ಪ್ರಶ್ನೆಯ ಆಚೆಗೆ

‘ಸಾರ್, ಆ ಲೇಖನ ಪ್ರಕಟವಾಗಿದೆಯೋ, ಇನ್ನೂ ಪ್ರಿಪ್ರಿಂಟೋ?’ ಸಸ್ಯಗಳೊಳಗೆ ನೀರು ಸಾಗುವ ಬಗೆಯನ್ನು ಅಧ್ಯಯನ ಮಾಡುವ ನನಗೆ ವಿದ್ಯಾರ್ಥಿಗಳಿಂದಲೂ ವರದಿಗಾರರಿಂದಲೂ ತಪ್ಪದೆ ಬರುವ ಪ್ರಶ್ನೆಯಿದು. ಪ್ರಿಪ್ರಿಂಟ್ ಎಂದರೆ ಪತ್ರಿಕೆಯ ತಜ್ಞರು ಪರಿಶೀಲಿಸುವ ಮುನ್ನವೇ ಲೇಖಕರು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡುವ ಹಸ್ತಪ್ರತಿ. ಪ್ರಶ್ನೆಯೇನೂ ತಪ್ಪಲ್ಲ, ಉತ್ತರ ಸಿಕ್ಕೊಡನೆ ಲೇಖನವನ್ನು ಓದುವ ಗೋಜಿಗೇ ಹೋಗುವುದಿಲ್ಲವಲ್ಲ, ಅದು ನನ್ನ ತಕರಾರು.

ಟೆಲ್ ಅವಿವ್ ವಿಶ್ವವಿದ್ಯಾಲಯದ ಲಿಲಾಕ್ ಹದಾನಿ ಮತ್ತು ಸಂಗಡಿಗರ ಕೆಲಸವನ್ನೇ ನೋಡಿ. ನೀರಿಲ್ಲದೆ ಬಳಲಿದ ಅಥವಾ ಕಾಂಡ ಕತ್ತರಿಸಿದ ಟೊಮೆಟೊ ಮತ್ತು ತಂಬಾಕಿನ ಗಿಡಗಳು ಗಂಟೆಗೆ ಹತ್ತಾರು ಶ್ರವಣಾತೀತ ಸದ್ದುಗಳನ್ನು ಹೊಮ್ಮಿಸುತ್ತವೆ, ಆರೋಗ್ಯವಾಗಿರುವ ಗಿಡಗಳಿಂದ ಗಂಟೆಗೆ ಸರಾಸರಿ ಒಂದು ಸದ್ದೂ ಇಲ್ಲ ಎಂಬುದು ಅದರ ತಿರುಳು. ಅದು ಜೀವವಿಜ್ಞಾನದ ಹಸ್ತಪ್ರತಿಗಳ ಜಾಲತಾಣ ಬಯೋಆರ್ಕೈವ್‌ನಲ್ಲಿ ಪ್ರಿಪ್ರಿಂಟ್ ಆಗಿ ಬಂದದ್ದು 2018ರ ಡಿಸೆಂಬರ್‌ನಲ್ಲಿ. ‘ಸೆಲ್’ ಪತ್ರಿಕೆಯಲ್ಲಿ ಪ್ರಕಟವಾದದ್ದು 2023ರ ಮಾರ್ಚ್‌ನಲ್ಲಿ. ಮೊದಲ ಬಾರಿ ‘ತಜ್ಞರು ಪರಿಶೀಲಿಸಿಲ್ಲ, ಬಿಡಿ’ ಎಂದು ಕೈಬೀಸಿದ ಪರಿಚಿತರೊಬ್ಬರು, ನಾಲ್ಕು ವರ್ಷಗಳ ನಂತರ ಫೋನ್ ಮಾಡಿ ‘ಗಿಡಗಳು ನೋವಿನಿಂದ ಕಿರುಚುತ್ತವೆ ಎಂದು ಸಾಬೀತಾಯಿತಂತಲ್ಲ’ ಎಂದು ಉದ್ಗರಿಸಿದರು. ಸಜ್ಜನರು, ಗಿಡಗಳೆಂದರೆ ಪ್ರಾಣ. ಆದರೆ ಎರಡು ಸಲವೂ ಲೇಖನವನ್ನು ಅವರು ತೆರೆದಿರಲಿಲ್ಲ.

ಲೇಖನದಲ್ಲಿ ನೋವಿನ ಮಾತೇ ಇಲ್ಲ. ನೀರು ಸಾಗುವ ಕ್ಸೈಲಮ್ ನಾಳಗಳಲ್ಲಿ ಎಳೆತ ಮಿತಿಮೀರಿದಾಗ ನೀರಿನ ಎಳೆ ತುಂಡಾಗಿ ಗುಳ್ಳೆ ಸಿಡಿಯುವುದೇ ಈ ಸದ್ದಿಗೆ ಕಾರಣವಿರಬಹುದು ಎಂದು ಲೇಖಕರು ಎಚ್ಚರಿಕೆಯಿಂದಲೇ ಹೇಳುತ್ತಾರೆ. ಇಂಥ ಸಿಡಿತವನ್ನು ಮಿಲ್ಬರ್ನ್ ಮತ್ತು ಜಾನ್ಸನ್ 1966ರಲ್ಲೇ ಹರಳು ಗಿಡದಲ್ಲಿ ಗುರುತಿಸಿದ್ದರು. ಸದ್ದು ಗಾಳಿಯಲ್ಲೂ ಹರಡುತ್ತದೆ, ಅದನ್ನು ಕೇಳಿಯೇ ಗಿಡದ ಸ್ಥಿತಿಯನ್ನು ತಕ್ಕಮಟ್ಟಿಗೆ ಊಹಿಸಬಹುದು ಎಂಬುದಷ್ಟೇ ಹೊಸತು. ನನ್ನ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ.

ಹಾಗಾದರೆ ತಜ್ಞರ ಪರಿಶೀಲನೆ ಮಾಡುವುದೇನು? ಎಷ್ಟು ಸಲ ಹೇಳಿದರೂ ಮತ್ತೆ ಹೇಳಬೇಕಾಗಿರುವ ಮಾತಿದು: ಪರಿಶೀಲಕರು ಪ್ರಯೋಗವನ್ನು ಮರಳಿ ಮಾಡಿ ನೋಡುವುದಿಲ್ಲ. ಹಸ್ತಪ್ರತಿ ಓದಿ ಪ್ರಶ್ನೆ ಕೇಳುತ್ತಾರೆ. ಸದ್ದು ಒಣಗುತ್ತಿರುವ ಮಣ್ಣಿನದ್ದಲ್ಲವೇ, ಬರೀ ಕುಂಡವನ್ನು ಇಟ್ಟು ನೋಡಿದಿರಾ, ಇಷ್ಟು ಸಾಕ್ಷ್ಯಕ್ಕೆ ಅಷ್ಟು ದೊಡ್ಡ ಮಾತು ಏಕೆ ಎನ್ನುತ್ತಾರೆ. ಅದರಿಂದ ಸಾಮಾನ್ಯವಾಗಿ ಹೇಳಿಕೆ ಕಿರಿದಾಗಿ, ಗಟ್ಟಿಯಾಗುತ್ತದೆ. ಸುಳ್ಳು ನಿಜವಾಗಿ ಬದಲಾಗುವುದಿಲ್ಲ. ಒಮ್ಮೆ ನಮ್ಮದೇ ಪ್ರಿಪ್ರಿಂಟ್ ಓದಿದ ಒಬ್ಬರು, ಕುಂಡಗಳ ಜಾಗವನ್ನು ಅದಲುಬದಲು ಮಾಡಿದ್ದಿರೇ ಎಂದು ಒಂದೇ ಸಾಲಿನಲ್ಲಿ ಕೇಳಿದರು. ಮಾಡಿರಲಿಲ್ಲ. ಅಂಚಿನ ಕುಂಡಗಳು ಬೇಗ ಒಣಗಿದ್ದವು, ನಾವು ಸಂಭ್ರಮಿಸಿದ್ದ ವ್ಯತ್ಯಾಸದ ಅರ್ಧ ಅಲ್ಲಿಗೇ ಕರಗಿತು. ತಿದ್ದಿದ ಎರಡನೆಯ ಆವೃತ್ತಿಯನ್ನು ಕೂಡಲೇ ಹಾಕಿದೆವು. ಆದರೆ ಮೊದಲನೆಯದು ದಾಖಲೆಯಾಗಿ ಅಲ್ಲೇ ಉಳಿಯುತ್ತದೆ, ಅದರ ನಕ್ಷೆಯನ್ನೇ ಎತ್ತಿಕೊಂಡು ತೋರಿಸುವವರು ಈಗಲೂ ಇದ್ದಾರೆ.

‘ಈಲೈಫ್’ ಪತ್ರಿಕೆಯಂತೂ 2023ರಿಂದ, ಪರಿಶೀಲನೆಗೆ ತೆಗೆದುಕೊಂಡ ಲೇಖನಗಳಿಗೆ ಸ್ವೀಕೃತ, ತಿರಸ್ಕೃತ ಎಂಬ ಮುದ್ರೆಯನ್ನೇ ಒತ್ತುತ್ತಿಲ್ಲ. ಲೇಖನದ ಜೊತೆಗೆ ಪರಿಶೀಲಕರ ಟೀಕೆಗಳನ್ನೂ, ಸಾಕ್ಷ್ಯ ಎಷ್ಟು ಬಲವಾದದ್ದು ಎಂಬ ಸಂಪಾದಕರ ಅಂದಾಜನ್ನೂ ಪ್ರಕಟಿಸುತ್ತದೆ. ಒಣಗಿದ ಗಿಡದ ಸದ್ದಿಗೆ ಹೆಣ್ಣು ಪತಂಗಗಳು ಸ್ಪಂದಿಸುತ್ತವೆಯೇ ಎಂದು ಪರೀಕ್ಷಿಸಿದ ಅಧ್ಯಯನ 2025ರಲ್ಲಿ ಅಲ್ಲಿಯೇ ಬಂದಾಗ, ನನ್ನ ವಿದ್ಯಾರ್ಥಿನಿ ಮಾಮೂಲು ಪ್ರಶ್ನೆಯೊಂದಿಗೆ ಬಾಗಿಲಲ್ಲಿ ನಿಂತಳು. ಟೀಕೆಗಳನ್ನು ಓದಿಕೊಂಡು ಬಾ ಎಂದು, ತುಸು ಒರಟಾಗಿಯೇ, ಕಳುಹಿಸಿದೆ. ವಾರದ ನಂತರ ಬಂದವಳು ಕೇಳಿದ್ದು ಬೇರೆಯೇ: ‘ಗಿಡವಿಲ್ಲದ ಕಡೆ ಪತಂಗಗಳು ಸದ್ದಿನ ಬದಿಗೇ ಹೆಚ್ಚು ಮೊಟ್ಟೆಯಿಟ್ಟಿವೆ, ನೀರುಂಡ ಗಿಡಗಳಿದ್ದಾಗ ಸದ್ದಿಲ್ಲದ ಬದಿಯನ್ನು ಆರಿಸಿವೆ. ಎರಡೂ ಹೇಗೆ ಸಾರ್?’ ಆ ಸಂಜೆ ಪ್ರಯೋಗಾಲಯದ ಬೋರ್ಡು ಮೊಟ್ಟೆಗಳ ಲೆಕ್ಕದಿಂದ ತುಂಬಿಹೋಯಿತು.