ಫ್ಯಾನು ಕೇಳಿ ಬರುತ್ತದೆ, ಲೈನು ಕೇಳದೆ ಬರುತ್ತದೆ

ಕೆಲವು ವರ್ಷಗಳ ಹಿಂದಿನ ಮಾತು. ಜನವರಿಯ ಒಂದು ಸಂಜೆ ಬಾಗಲಕೋಟೆ ಜಿಲ್ಲೆಯಲ್ಲಿ ಒಂದು 110 ಕೆವಿ (ಅಂದರೆ 1,10,000 ವೋಲ್ಟಿನ) ಲೈನು ಟ್ರಿಪ್ ಆಯಿತು, ತಾನಾಗೇ ಬಂದ್ ಬಿತ್ತು. ಗಾಳಿ ವಿದ್ಯುತ್ತನ್ನು ಹೊತ್ತು ಸಾಗಿಸುವ ಲೈನು ಅದು. ಲೈನು ಹೋದರೆ ಅದಕ್ಕೆ ಕೂಡಿದ ಫ್ಯಾನುಗಳೆಲ್ಲ, ಅಂದರೆ ಗಾಳಿಯಂತ್ರಗಳೆಲ್ಲ, ನಿಲ್ಲಲೇಬೇಕು. ನಾವು ಮೂವರು ಟಾರ್ಚ್ ಹಿಡಿದು ಟವರಿನಿಂದ ಟವರಿಗೆ ನಡೆದೆವು. ನಾಲ್ಕನೇ ಟವರ್ ದಾಟುತ್ತಿದ್ದಂತೆ ಸುಟ್ಟ ವಾಸನೆ. ಕಬ್ಬು ಕಟಾವಾದ ಹೊಲ, ಉಳಿದ ಒಣ ಗರಿಗೆ, ಅಂದರೆ ರವದಿಗೆ, ಬೆಂಕಿ ಹಚ್ಚಿದ್ದರು. ನೆಲ ಇನ್ನೂ ಹೊಗೆಯಾಡುತ್ತಿತ್ತು.

ತಂತಿಯ ಸುತ್ತ ಇರುವ ಗಾಳಿಯೇ ಅದಕ್ಕೆ ಹೊದಿಕೆ. ಬೆಂಕಿಯ ಬಿಸಿ, ಹೊಗೆ, ಹಾರುವ ಬೂದಿ ಸೇರಿದರೆ ಆ ಗಾಳಿ ವಿದ್ಯುತ್ತನ್ನು ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ತಂತಿಯಿಂದ ತಂತಿಗೆ, ಇಲ್ಲವೇ ನೆಲಕ್ಕೆ ಕಿಡಿ ಹಾರುತ್ತದೆ. ಕೆಳಗೆ ನಿಂತವರ ಜೀವವನ್ನೂ ಅದು ತೆಗೆಯಬಹುದು. ಆ ಹೊಲದ ರೈತರು ಅಲ್ಲೇ ಬದುವಿನ ಮೇಲೆ ಕೂತಿದ್ದರು. ಅವರ ಕೈ ಇನ್ನೂ ನಡುಗುತ್ತಿತ್ತು. "ಲೈನ್ ಎಳ್ಯಾಕ ಬಂದಾಗ ಬೆಳಿ ಹಾನಿ ಅಂತ ರೊಕ್ಕ ಕೊಟ್ರು ಸಾಹೇಬ್ರ. ಕೆಳಗ ಬೆಂಕಿ ಹಚ್ಚಬಾರ್ದು ಅಂತ ಯಾರೂ ಹೇಳಲಿಲ್ಲ" ಅಂದರು.

ಲೈನ್ ಸರ್ವೆ ನನ್ನ ಕೆಲಸ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಗಾಳಿ ಯೋಜನೆಗಳನ್ನು ಗ್ರಿಡ್‌ಗೆ, ಅಂದರೆ ದೊಡ್ಡ ವಿದ್ಯುತ್ ಜಾಲಕ್ಕೆ, ಕೂಡಿಸುವ ಲೈನುಗಳ ದಾರಿ ಹುಡುಕುತ್ತ ಹೊಲಗಳಲ್ಲಿ ಓಡಾಡಿದ್ದೇನೆ. ಇಷ್ಟು ವರ್ಷಗಳಲ್ಲಿ ಒಂದು ಮಾತು ನನಗೆ ಖಚಿತವಾಗಿದೆ. ಗಾಳಿ ಯೋಜನೆ ಅಂದಕೂಡಲೇ ಊರಲ್ಲಿ ಎಲ್ಲರೂ ಫ್ಯಾನಿನ ಬಗ್ಗೆ ಮಾತಾಡುತ್ತಾರೆ. ಜಗಳ ಹುಟ್ಟುವುದು ಮಾತ್ರ ಲೈನಿನಿಂದ.

ಕಾರಣ ಸರಳ. ಫ್ಯಾನು ನಿಲ್ಲಿಸಲು ಕಂಪನಿಗೆ ನಿಮ್ಮ ಜಮೀನು ಬೇಕು. ಖರೀದಿಯೋ ಲೀಸೋ, ನಿಮ್ಮ ಸಹಿ ಇಲ್ಲದೆ ಆಗದು. ನೀವು ಬೇಡ ಅಂದರೆ ಪಕ್ಕದ ಹೊಲಕ್ಕೆ ಹೋಗುತ್ತಾರೆ. ಲೈನು ಹಾಗಲ್ಲ. 2003ರ ವಿದ್ಯುತ್ ಕಾಯ್ದೆಯ 164ನೇ ಕಲಮಿನ ಅಡಿ ಸರ್ಕಾರ ಆದೇಶ ಕೊಟ್ಟರೆ, ಲೈನು ಎಳೆಯುವವರಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಸಿಗುತ್ತದೆ. ಬ್ರಿಟಿಷರ ಕಾಲದಲ್ಲಿ ತಂತಿ ಕಂಬಕ್ಕೆಂದು ಬರೆದ ಕಾನೂನು ಅದು. ಅದರ ಪ್ರಕಾರ ಜಮೀನು ನಿಮ್ಮದೇ ಆಗಿ ಉಳಿಯುತ್ತದೆ, ಆದರೆ ಟವರ್ ನಿಲ್ಲಿಸಲು ನಿಮ್ಮ ಒಪ್ಪಿಗೆ ಬೇಕಿಲ್ಲ. ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ತಿ ಪರಿಹಾರ ಕೊಡಬೇಕು, ಅಷ್ಟೇ. ಅಡ್ಡಿ ಮಾಡಿದರೆ ಲೈನಿನವರು ಜಿಲ್ಲಾಧಿಕಾರಿಯ ಆದೇಶ ತರುತ್ತಾರೆ. ಪರಿಹಾರ ಸಾಲದು ಅನ್ನಿಸಿದರೆ ನೀವು ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು.

ಆದರೆ ಎಲ್ಲ ಲೈನಿಗೂ ಈ ಆದೇಶ ಇರುವುದಿಲ್ಲ. ಖಾಸಗಿ ಕಂಪನಿ ತನ್ನ ಫ್ಯಾನುಗಳಿಗಾಗಿ ಎಳೆಯುವ ಲೈನಿಗೆ 164ರ ಆದೇಶ ಸಿಕ್ಕಿರದಿದ್ದರೆ 2006ರ ನಿಯಮಗಳು ಅನ್ವಯಿಸುತ್ತವೆ. ಆಗ ಮೊದಲು ಮಾಲೀಕರ ಒಪ್ಪಿಗೆ ಕೇಳಬೇಕು, ಸಿಗದಿದ್ದರೆ ಜಿಲ್ಲಾಡಳಿತದ ಹತ್ತಿರ ಹೋಗಬೇಕು. ಹಾಗಾಗಿ ಸರ್ವೆಯವರು ಹೊಲಕ್ಕೆ ಬಂದರೆ "ನಿಮ್ಮ ಹತ್ತಿರ 164ರ ಆದೇಶ ಇದೆಯಾ, ಪ್ರತಿ ತೋರಿಸಿ" ಎಂದು ಧಾರಾಳವಾಗಿ ಕೇಳಿ. ಇದ್ದವರು ತೋರಿಸಲಿ. ಸರ್ವೆಯವನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ವಿಜಯಪುರ ಜಿಲ್ಲೆಯ ಕೂಡಗಿಯಂಥ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವಾಗ ಪರಿಸರ ಅನುಮತಿ ಬೇಕು, ಅದಕ್ಕೂ ಮುಂಚೆ ಸಾರ್ವಜನಿಕ ಅಹವಾಲು ಕೇಳಬೇಕು. 2006ರ ಪರಿಸರ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ಯೋಜನೆ ಇಲ್ಲ. ಅಂದರೆ ಊರವರನ್ನು ಕೂರಿಸಿ ಮಾತಾಡಬೇಕು ಎಂಬ ಕಡ್ಡಾಯವೇ ಇಲ್ಲ. ಹೊಗೆಯಿಲ್ಲ, ಬೂದಿಯಿಲ್ಲ, ನಿಜ. ಆದರೆ ಹೊಗೆ ಇಲ್ಲ ಅಂದಮಾತ್ರಕ್ಕೆ ಜನರನ್ನು ಕೇಳುವುದು ಬೇಡ ಅಂತಲ್ಲ, ಅಲ್ವಾ?

ಗಾಳಿ ಬೇಕು ಎನ್ನುವವನೇ ನಾನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬಯಲಿನಲ್ಲಿ ಬೀಸುವ ಮುಂಗಾರು ಗಾಳಿ ದೊಡ್ಡ ಸಂಪತ್ತು. ಗಾಳಿಯ ವೇಗ ಎರಡು ಪಟ್ಟಾದರೆ ಅದರೊಳಗಿನ ಶಕ್ತಿ ಎಂಟು ಪಟ್ಟಾಗುತ್ತದೆ. ಅದಕ್ಕೇ ಸವದತ್ತಿ ಕಡೆಯ ಗುಡ್ಡಗಳ ಮೇಲೆ ಫ್ಯಾನುಗಳು ಮೊದಲು ಬಂದವು. ಈಗ ಕಂಬಗಳು ನೂರು ಮೀಟರಿಗಿಂತ ಎತ್ತರ, ರೆಕ್ಕೆಗಳು ಅರವತ್ತು, ಎಪ್ಪತ್ತು ಮೀಟರ್ ಉದ್ದ ಆಗಿರುವುದರಿಂದ ಗುಡ್ಡ ಬಿಟ್ಟು ಎರೆ ಹೊಲಕ್ಕೂ ಇಳಿದಿವೆ. 2024-25ರಲ್ಲಿ ಕರ್ನಾಟಕ 1,331 ಮೆಗಾವ್ಯಾಟ್ ಗಾಳಿ ವಿದ್ಯುತ್ ಹೊಸದಾಗಿ ಸೇರಿಸಿ, ಆ ವರ್ಷದ ಸೇರ್ಪಡೆಯಲ್ಲಿ ದೇಶದಲ್ಲೇ ಮೊದಲ ಸ್ಥಾನಕ್ಕೆ ಬಂತು.

ಈ ವೇಗಕ್ಕೆ ಒಂದು ತಾರೀಖೂ ಕಾರಣ. ಅಂತರರಾಜ್ಯ ಗ್ರಿಡ್‌ಗೆ ಕೂಡುವ ಯೋಜನೆ 2025ರ ಜೂನ್ 30ರೊಳಗೆ ಶುರುವಾದರೆ ವಿದ್ಯುತ್ ಸಾಗಿಸಲು ಕಟ್ಟಬೇಕಾದ ಪ್ರಸರಣ ಶುಲ್ಕ ಪೂರ್ತಿ ಮಾಫಿ ಎಂದಿತ್ತು. ಆಮೇಲೆ ಬಂದವರಿಗೆ ಆ ಮಾಫಿ ವರ್ಷಕ್ಕೆ ಶೇ. 25ರಂತೆ ಇಳಿಯುತ್ತದೆ. ತಾರೀಖು ತಲೆಯ ಮೇಲೆ ಕೂತಾಗ ಮೊದಲು ಕತ್ತರಿ ಬೀಳುವುದು ಊರವರ ಜೊತೆಗಿನ ಮಾತುಕತೆಗೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಾಳಿ ಅಳೆದಾಯಿತು, ಜಮೀನು ಹಿಡಿದಾಯಿತು, ಸಬ್‌ಸ್ಟೇಷನ್ನಿಗೆ ಕೂಡಲು ಅನುಮತಿ ಬಂತು, ಲೈನಿನ ಗೆರೆ ಎಳೆದಾಯಿತು, ಟವರಿನ ಕಬ್ಬಿಣ ಬಂದು ಬಿತ್ತು. ಊರಿಗೆ ಹೋಗುವುದು ಅದಾದ ಮೇಲೆ. ಅಷ್ಟೊತ್ತಿಗೆ ಬದಲಿಸಲು ಏನು ಉಳಿದಿರುತ್ತದೆ?

ನಾನೂ ಒಮ್ಮೆ ಇದೇ ತಪ್ಪು ಮಾಡಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಉಪಗ್ರಹ ಚಿತ್ರ ನೋಡಿ ಒಂದು ಗೆರೆ ಎಳೆದಿದ್ದೆ. ಊರಿನ ಅಂಚಿಗೆ ಉದ್ದಕ್ಕೆ ಖಾಲಿ ಜಾಗ. ಮನೆ ಇಲ್ಲ, ಗಿಡ ಇಲ್ಲ, ಬೆಳೆ ಇಲ್ಲ. ಎಷ್ಟು ಚೆನ್ನಾಗಿದೆ ಅಂದುಕೊಂಡೆ. ಅದು ಜಾತ್ರೆಯಲ್ಲಿ ತೇರು ಎಳೆಯುವ ದಾರಿ. ತಂತಿಯ ಕೆಳಗೆ ತೇರು ಹಾಯುವ ಮಾತೇ ಇಲ್ಲ. ಟವರಿನ ಗುಂಡಿ ತೋಡಲು ಹೋದ ದಿನ ಇಡೀ ಊರು ಬಂದು ನಿಂತಿತು. ಒಬ್ಬ ಅಜ್ಜ ನನ್ನನ್ನು ಪಕ್ಕಕ್ಕೆ ಕರೆದು, "ತಮ್ಮಾ, ಒಂದ್ ಮಾತು ಕೇಳಿದ್ರ ನಾವ ತೋರಸ್ತಿದ್ವಿ" ಅಂದರು. ಬೈಯಲಿಲ್ಲ. ಆ ಮಾತು ಇವತ್ತಿಗೂ ನೆನಪಿದೆ. ಕೆಲಸ ನಾಲ್ಕು ತಿಂಗಳು ನಿಂತಿತು.

ಗೆರೆ ಕಾಗದದ ಮೇಲಿದ್ದಾಗ ಸರಿಸುವುದು ಸುಲಭ. ನೇರ ಹೋಗುವ ಟವರ್ ಹಗುರ. ತಿರುವಿನ ಟವರ್ ಭಾರ, ಖರ್ಚೂ ಜಾಸ್ತಿ, ಯಾಕೆಂದರೆ ಎರಡೂ ಕಡೆಯ ತಂತಿಯ ಎಳೆತವನ್ನು ಅದೊಂದೇ ತಡೆಯಬೇಕು. ಆದರೂ ಒಂದು ತಿರುವಿನ ಟವರಿನ ಖರ್ಚು, ನಾಲ್ಕು ತಿಂಗಳು ಕೆಲಸ ನಿಂತ ನಷ್ಟದ ಮುಂದೆ ಏನೂ ಅಲ್ಲ.

ಲೈನು ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನೂ ಹೇಳುತ್ತೇನೆ. ಫ್ಯಾನಿನೊಳಗೆ ವಿದ್ಯುತ್ ಹುಟ್ಟುವುದು ಸಾಮಾನ್ಯವಾಗಿ 690 ವೋಲ್ಟಿನಲ್ಲಿ. ಅಲ್ಲೇ ಟ್ರಾನ್ಸ್‌ಫಾರ್ಮರಿನಿಂದ 33 ಕೆವಿಗೆ ಏರಿ, ಕಂಬಗಳ ಮೇಲೆ ಹೊಲದಿಂದ ಹೊಲಕ್ಕೆ ಸಾಗಿ, ಯೋಜನೆಯ ಸಬ್‌ಸ್ಟೇಷನ್ ಸೇರುತ್ತದೆ. ಅಲ್ಲಿಂದ 110 ಅಥವಾ 220 ಕೆವಿಯಾಗಿ ರಾಜ್ಯದ ಪ್ರಸರಣ ಕಂಪನಿ ಕೆಪಿಟಿಸಿಎಲ್ ಇಲ್ಲವೇ ಕೇಂದ್ರದ ಪವರ್ ಗ್ರಿಡ್ ಕಂಪನಿಯ ಸ್ಟೇಷನ್ನಿಗೆ ಹೋಗುತ್ತದೆ. 110 ಕೆವಿ ಲೈನಿಗೆ 22 ಮೀಟರ್ ಅಗಲದ ಪಟ್ಟಿ, 220 ಕೆವಿಗೆ 35 ಮೀಟರ್. ಒಂದು ಕಿಲೋಮೀಟರ್ 220 ಕೆವಿ ಲೈನು ಹೋದರೆ ಸುಮಾರು ಎಂಟೂವರೆ ಎಕರೆ ತಂತಿಯ ನೆರಳಿಗೆ ಬಂತು. ಅಲ್ಲಿ ಜೋಳ, ಕಡಲೆ, ತೊಗರಿ ಬೆಳೆಯಬಹುದು. ತೆಂಗು ಹಚ್ಚುವಂತಿಲ್ಲ, ಮನೆ ಕಟ್ಟುವಂತಿಲ್ಲ, ಬೋರ್ ಗಾಡಿಯ ಕಂಬ ಎತ್ತುವಂತಿಲ್ಲ. ದ್ರಾಕ್ಷಿ ಇರಬಹುದು, ಆದರೆ ಚಪ್ಪರದ ತಂತಿ ಲೈನಿನ ಗುಂಟ ಉದ್ದಕ್ಕೆ ಸಾಗಿದ್ದರೆ ಅದರಲ್ಲೂ ಸ್ವಲ್ಪ ವಿದ್ಯುತ್ ಹುಟ್ಟಿ ಕೈಗೆ ಜುಮ್ಮೆನ್ನುತ್ತದೆ. ಅದಕ್ಕೆ ಅರ್ಥಿಂಗ್ ಮಾಡಿಸಬೇಕು. ಇದು ಲೈನಿನವರೇ ಮಾಡಿಕೊಡಬೇಕಾದ ಕೆಲಸ. ಕೇಳಿ ಮಾಡಿಸಿಕೊಳ್ಳಿ.

ದುಡ್ಡಿನ ಲೆಕ್ಕ ಈಚೆಗೆ ಬದಲಾಗಿದೆ. 2015ರ ಕೇಂದ್ರದ ಮಾರ್ಗಸೂಚಿಯಲ್ಲಿ ಟವರ್ ನಿಂತ ಜಾಗಕ್ಕೆ ಜಮೀನಿನ ಬೆಲೆಯ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ. 15 ಎಂದಿತ್ತು. 2024ರ ಜೂನ್‌ನಲ್ಲಿ ಹೊಸ ಮಾರ್ಗಸೂಚಿ ಬಂತು. ಅದರಲ್ಲಿ ಟವರಿನ ಜಾಗಕ್ಕೆ ಶೇ. 200, ಪಟ್ಟಿಗೆ ಶೇ. 30. ಬೆಳೆ ಹಾನಿ ಬೇರೆ. ಒಂದು ಎಚ್ಚರ ಬೇಕು. ಈ ಮಾರ್ಗಸೂಚಿ 66 ಕೆವಿ ಮತ್ತು ಅದಕ್ಕಿಂತ ಮೇಲಿನ ಟವರ್ ಲೈನಿಗೆ ಮಾತ್ರ. ಫ್ಯಾನಿನಿಂದ ಫ್ಯಾನಿಗೆ ಹಾಯುವ 33 ಕೆವಿ ಕಂಬದ ಲೈನು ಇದರೊಳಗೆ ಬರುವುದಿಲ್ಲ. ಹೊಲದಲ್ಲಿ ನಾಲ್ಕು ಕಂಬ ನಿಂತರೂ ಸಿಗುವುದು ಚೌಕಾಸಿಯಲ್ಲಿ ಗೆದ್ದಷ್ಟೇ. ಹಾಗಾಗಿ ಆ ಲೈನಿನ ನಕ್ಷೆಯನ್ನೂ ಮೊದಲ ದಿನವೇ ಕೇಳಬೇಕು.

ಊರಿನ ಸಭೆಯಲ್ಲಿ ಹೆಚ್ಚು ಸಲ ಎದ್ದು ಬರುವ ಪ್ರಶ್ನೆ ಮಾತ್ರ ದುಡ್ಡಿನದಲ್ಲ. "ಫ್ಯಾನು ನಮ್ಮ ಹೊಲದಾಗ ತಿರಗ್ತಾವು, ನಮ್ಮ ಪಂಪಸೆಟ್ಟಿಗೆ ಯಾಕ್ರೀ ಏಳು ತಾಸಷ್ಟ ಕರೆಂಟು?" ಈ ಪ್ರಶ್ನೆಗೆ ಎಷ್ಟೋ ಮಂದಿ ಹಾರಿಕೆ ಉತ್ತರ ಕೊಡುತ್ತಾರೆ, ಇಲ್ಲವೇ "ನಿಮಗೂ ಸಿಗ್ತದ" ಎಂದು ಸುಳ್ಳು ಹೇಳಿ ಸಹಿ ಹಾಕಿಸಿಕೊಳ್ಳುತ್ತಾರೆ. ನಾನು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸುತ್ತೇನೆ. ಫ್ಯಾನಿನ ಕರೆಂಟು ಮೇಲಿನ ದೊಡ್ಡ ಲೈನಿಗೆ ಹೋಗುತ್ತದೆ. ನಿಮ್ಮ ಪಂಪಿಗೆ ಬರುವುದು ಈ ಭಾಗಕ್ಕೆ ಕರೆಂಟು ಹಂಚುವ ಹೆಸ್ಕಾಂನ 11 ಕೆವಿ ಫೀಡರಿನಿಂದ. ಆ ಏಳು ತಾಸಿನ ತ್ರೀ ಫೇಸ್ ಸರ್ಕಾರದ ತೀರ್ಮಾನ. ಫ್ಯಾನು ಬಂದಮಾತ್ರಕ್ಕೆ ಅದು ಎಂಟು ಆಗುವುದಿಲ್ಲ. ಹೀಗೆ ಹೇಳಿದಾಗ ಸಭೆಯಲ್ಲಿ ಬೇಸರದ ಗದ್ದಲ ಏಳುತ್ತದೆ. ಏಳಲಿ. ಹಳೆಯ ಟ್ರಾನ್ಸ್‌ಫಾರ್ಮರ್ ಬದಲಿಸಿ ಕೊಡಿ, ಶಾಲೆಗೆ ಕೋಣೆ ಕಟ್ಟಿಸಿ ಎಂದು ಆಮೇಲೆ ಕೇಳುತ್ತಾರೆ. ಅವು ಆಗುವ ಮಾತುಗಳು. ಅವನ್ನು ಕಾಗದದ ಮೇಲೆ ಬರೆಸಬಹುದು.

ಸಭೆಗೆ ಯಾರು ಬರುತ್ತಾರೆ ಎನ್ನುವುದೂ ದೊಡ್ಡ ವಿಷಯ. ಕಂಪನಿಯವರು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿದ್ದವರನ್ನು ಕರೆಯುತ್ತಾರೆ. ಹೆಸರು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಅಣ್ಣನದು, ಹೊಲ ಮಾಡುವವರು ಲಾವಣಿ (ಗೇಣಿ) ಹಿಡಿದ ಬೇರೊಬ್ಬರು. ದುಡ್ಡು ಅಣ್ಣನ ಖಾತೆಗೆ, ಕಳೆದುಹೋದ ಬೆಳೆ ಲಾವಣಿಯವರದು. ಬೆಳೆ ತೆಗೆದ ಮೇಲೆ ಹೊಲದಲ್ಲಿ ಕುರಿ ತರುಬುವ ಕುರುಬರನ್ನು ಯಾರೂ ಕರೆಯುವುದಿಲ್ಲ. ಅವರಿಗೆ ಉತಾರವೇ ಇಲ್ಲ. ಕುರಿ ದನ ಮೇಯುವ ಗಾಯರಾಣದ ನಡುವೆ ಸಬ್‌ಸ್ಟೇಷನ್ನಿನ ಬೇಲಿ ಬಂದ ದಿನ ಅವರಿಗೆ ಸುದ್ದಿ ಗೊತ್ತಾಗುತ್ತದೆ. ಹೆಣ್ಣುಮಕ್ಕಳೂ ಅಷ್ಟೇ, ಕಟ್ಟೆಯ ಹಿಂದೆ ಗೋಡೆಗೆ ಒರಗಿ ನಿಂತಿರುತ್ತಾರೆ. ಬಾಗಲಕೋಟೆ ಕಡೆ ಇನ್ನೊಂದು ಸೂಕ್ಷ್ಮ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವರ ಮುಂದೆ ಸರ್ವೆ ಉಪಕರಣ ಇಟ್ಟರೆ ಸಾಕು, ಹಿರಿಯರ ಮುಖ ಬಾಡುತ್ತದೆ. "ಇದೂ ಸ್ವಾಧೀನ ಏನ್ರೀ?" ಎಂಬುದೇ ಮೊದಲ ಪ್ರಶ್ನೆ. ಅಲ್ಲಿ ಅವಸರ ಮಾಡುವವರು ಮನುಷ್ಯರಲ್ಲ ಅನ್ನಿಸುತ್ತದೆ ನನಗೆ.

ಉಳಿದ ಕೆಲವು ಮಾತು ಬೇಗ ಹೇಳಿಬಿಡುತ್ತೇನೆ. ಕೇಂದ್ರದ 2016ರ ಮಾರ್ಗಸೂಚಿ ಪ್ರಕಾರ ವಾಸದ ಮನೆಯಿಂದ 500 ಮೀಟರ್ ಒಳಗೆ ಫ್ಯಾನು ಬರಬಾರದು. ಹೊಲದ ಮನೆಯೂ ಮನೆಯೇ, ನಕ್ಷೆಯಲ್ಲಿ ಅದು ಗುರುತಾಗಿದೆಯಾ ನೋಡಿ. ಲೀಸ್ ಕರಾರು ಒಂದು ವರ್ಷಕ್ಕಿಂತ ಹೆಚ್ಚಿನದಾದರೆ ನೋಂದಣಿ ಆಗಲೇಬೇಕು. ಛಾಪಾ ಕಾಗದದ ಮೇಲಿನ ಸಹಿ ಸಾಲದು. ಇಪ್ಪತ್ತೈದು ವರ್ಷದ ಮೇಲೆ ಕಂಬ, ಕಾಂಕ್ರೀಟ್ ಯಾರು ತೆಗೆಯಬೇಕು ಎಂಬುದು ಅದರಲ್ಲೇ ಇರಲಿ. ರಸ್ತೆಯ ವಿಷಯವನ್ನೂ ಮರೆಯಬೇಡಿ. ರೆಕ್ಕೆ ಸಾಗಿಸುವ ಉದ್ದನೆ ಗಾಡಿಗಾಗಿ ಎರೆ ಹೊಲದ ನಡುವೆ ಗರಸು ಹಾಕಿ ಎರಡು ಅಡಿ ಎತ್ತರಿಸುತ್ತಾರೆ. ಕೆಳಗೆ ಪೈಪು ಕೂರಿಸದಿದ್ದರೆ ಆ ರಸ್ತೆ ಒಡ್ಡಾಗಿ ನೀರು ಹಿಡಿಯುತ್ತದೆ. ಮೊದಲ ದೊಡ್ಡ ಮಳೆಗೆ ಮೇಲಿನ ಹೊಲದಲ್ಲಿ ನೀರು ನಿಂತು ಬದು ಒಡೆಯುತ್ತದೆ. ಪೈಪು ಎಲ್ಲಿ ಬೇಕು ಎಂಬುದು ಆ ಹೊಲದವರಿಗೇ ಗೊತ್ತು.

ಈಗ ನಾನು ಗೆರೆಯನ್ನು ಪೆನ್ಸಿಲಿನಲ್ಲಿ ಎಳೆದುಕೊಂಡೇ ಊರಿಗೆ ಹೋಗುತ್ತೇನೆ. ಒಂದಲ್ಲ, ಮೂರು ಗೆರೆ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಂದು ಊರಿನಲ್ಲಿ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಕ್ಷೆ ಹಾಸಿ, ಮೂಲೆಗೆ ಕಲ್ಲಿಟ್ಟು ಕೂತಿದ್ದೆವು. ಗಂಡಸರು ಟವರಿನ ರೇಟು ಮಾತಾಡುತ್ತಿದ್ದರು. ಹಿಂದೆ ನಿಂತಿದ್ದ ಒಬ್ಬ ಅಕ್ಕ ಮುಂದೆ ಬಂದು ನಕ್ಷೆಯ ಮೇಲೆ ಬೆರಳಿಟ್ಟರು. "ಇಲ್ಲಿ ನಾವು ಬರೋ ವರ್ಷ ಮಣೂಕದ ಶೆಡ್ ಹಾಕೋರದೀವಿ." ಒಣದ್ರಾಕ್ಷಿ ಮಾಡುವ ಶೆಡ್ಡು, ಅದಕ್ಕಾಗಿ ಸಾಲಕ್ಕೂ ಅರ್ಜಿ ಹಾಕಿದ್ದರು. ಇನ್ನೂ ಕಟ್ಟದ ಶೆಡ್ಡು ಯಾವ ಉಪಗ್ರಹಕ್ಕೆ ಕಂಡೀತು? ಒಂದು ತಿರುವು ಸರಿಸಿದೆವು. ಒಂದು ಟವರ್ ಹೆಚ್ಚಾಯಿತು. ಆ ಊರಿನಲ್ಲಿ ಕೆಲಸ ಒಂದು ದಿನವೂ ನಿಲ್ಲಲಿಲ್ಲ.

ಹೋದ ವರ್ಷ ಮಾರ್ಚಿನಲ್ಲಿ ಲೈನ್ ನೋಡಲು ಹೋದಾಗ ಶೆಡ್ಡು ಎದ್ದಿತ್ತು. ಒಳಗೆ ಬಲೆಗಳ ಮೇಲೆ ಸಾಲು ಸಾಲು ದ್ರಾಕ್ಷಿ ಹಾಸಿದ್ದರು. ಅಕ್ಕ ಒಂದು ಬೊಗಸೆ ಮಣೂಕ ಕೈಗಿತ್ತು, ಹೊಲದ ಆ ಕಡೆಗೆ ಕರೆದುಕೊಂಡು ಹೋದರು. "ಸಾಹೇಬ್ರ, ಈ ಸಲ ಇಲ್ಲೊಂದ್ ಬೋರ್ ಹಾಕ್ಸೋಣ ಅಂತೀವಿ, ನಡೀತದೇನು?" ತಲೆ ಎತ್ತಿ ನೋಡಿದೆ, ಜಾಗ ಹೊರಗಿನ ತಂತಿಯ ಹತ್ತಿರವೇ ಇತ್ತು. ಬೋರ್ ಗಾಡಿ ಇಲ್ಲಿ ಕಂಬ ಎತ್ತಬಾರದು ಎಂದೆ. ಟೇಪು ಹಿಡಿದು ಇಬ್ಬರೂ ತಂತಿಯಿಂದ ಆಚೆಗೆ ಮೂವತ್ತು ಮೀಟರ್ ಅಳೆದೆವು. ಅಲ್ಲಿ ಅವರ ಮಗ ಒಂದು ಕಲ್ಲು ನೆಟ್ಟು ಸುಣ್ಣ ಬಳಿದ.