ಸವಾಲು: ಕೇಳುವ ಮಾತು ಕೆಣಕುವ ಮಾತಾದದ್ದು

‘ಒಂದು ಸವಾಲ್ ಕೇಳ್ಲೇನ್ರಿ?’ ಅಂತ ಬೀದರ್ ಕಡೆ ಯಾರಾದರೂ ಅಂದರೆ ತೋಳೇರಿಸಬೇಕಿಲ್ಲ. ಅವರು ಕೇಳುತ್ತಿರುವುದು ಬರೀ ಪ್ರಶ್ನೆ. ಪತ್ರಿಕೆಯ ಕನ್ನಡದಲ್ಲಿ ಮಾತ್ರ ಸವಾಲು ಅಂದರೆ ಪಂಥ, ಇಲ್ಲವೇ ಎದುರಾದ ಕಷ್ಟ.

ಪದದ ಮೂಲ ಅರಬ್ಬಿ. ‘ಸುಆಲ್’ ಅಂದರೆ ಕೇಳುವುದು, ‘ಜವಾಬ್’ ಅಂದರೆ ಉತ್ತರ. ಉರ್ದುವಿನಲ್ಲಿ ಬೇಡುವವನೂ ‘ಸವಾಲಿ’ಯೇ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾಯಿತು, ಮುಂದಿನ ಶತಮಾನದಲ್ಲಿ ಅದು ಬೀದರಿಗೆ ಹೋಯಿತು. ಎರಡೂ ಕಡೆ ದರಬಾರಿನ ಭಾಷೆ ಫಾರಸಿ. ನಿಜಾಮರ ಕಚೇರಿಗಳಲ್ಲಿ 1880ರ ದಶಕದಲ್ಲಿ ಫಾರಸಿಯ ಜಾಗಕ್ಕೆ ಉರ್ದು ಬಂತು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್‌ವರೆಗೂ ಇಲ್ಲಿನ ಕಾಗದಪತ್ರ ನಡೆದದ್ದು ಅದರಲ್ಲೇ. ಸಂತೆಯಲ್ಲಿ, ಓಣಿಯಲ್ಲಿ ಉರ್ದು ಇವತ್ತಿಗೂ ಕಿವಿಗೆ ಬೀಳುವುದರಿಂದ ಹಳೆಯ ಅರ್ಥ ಇಲ್ಲಿ ಸವೆದಿಲ್ಲ.

ಕನ್ನಡ ಕೊನೆಗೊಂದು ಉಕಾರ ಸೇರಿಸಿ ಪದವನ್ನು ತನ್ನದಾಗಿಸಿಕೊಂಡಿತು. ಅರ್ಥವನ್ನು ಮಾತ್ರ ಕ್ರಿಯಾಪದದ ಕೈಗೆ ಕೊಟ್ಟಿತು. ಸವಾಲು ‘ಕೇಳಿದರೆ’ ಪ್ರಶ್ನೆ, ‘ಹಾಕಿದರೆ’ ಪಂಥ, ‘ಕೂಗಿದರೆ’ ಹರಾಜು. ಗುಡಿಯ ತೆಂಗಿನಕಾಯಿಗೆ ‘ಒಂದು ಸಾರಿ, ಎರಡು ಸಾರಿ’ ಎಂದು ಕೂಗುವವನೂ ನೆರೆದವರನ್ನು ಪ್ರಶ್ನೆಯನ್ನೇ ಕೇಳುತ್ತಿರುತ್ತಾನೆ: ಇದಕ್ಕಿಂತ ಹೆಚ್ಚಿಗೆ ಯಾರು?

ಪ್ರಶ್ನೆ ಪಂಥವಾಗುವ ಬಗೆ ಚೆನ್ನಾಗಿ ಕಾಣುವುದು ಎರಡು ಪಂಗಡಗಳು ಎದುರುಬದುರಾಗಿ ಹಾಡುವ ಜನಪದ ಗೀಗೀ ಮೇಳಗಳಲ್ಲಿ. ಹರದೇಶಿಯವರದು ಗಂಡು ಹೆಚ್ಚೆಂಬ ವಾದ, ನಾಗೇಶಿಯವರದು ಹೆಣ್ಣು ಹೆಚ್ಚೆಂಬ ವಾದ. ಒಂದು ಮೇಳದವರು ದಪ್ಪು ಬಡಿದು, ತುಂತುಣಿ ಮೀಟಿ, ಪುರಾಣದ ಒಡಪೊಂದನ್ನು ಹಾಡಿನಲ್ಲೇ ಒಡ್ಡುತ್ತಾರೆ. ಎದುರಿನವರು ಮೊದಲು ಅದನ್ನು ಒಡೆದು ಜವಾಬು ಕೊಡಬೇಕು, ಆಮೇಲೆ ತಮ್ಮ ಸವಾಲು ಹಾಕಬೇಕು. ಜವಾಬು ಹೊಳೆಯದೆ ಬೇರೆ ಪದಕ್ಕೆ ಜಾರಿದರೆ ಕೂತ ಮಂದಿ ಬಿಡುವುದಿಲ್ಲ. ಹತ್ತು ಜನರ ಮುಂದೆ ಕೇಳಿದ ಪ್ರಶ್ನೆಗೆ ಸುಮ್ಮನಿರುವುದೇ ಸೋಲು. ಪಂಥದ ಅರ್ಥ ಗಟ್ಟಿಯಾಗಲು ಇಂಥ ಕಟ್ಟೆಗಳೇ ತಕ್ಕ ಜಾಗ.

ನ್ಯಾಯಾಲಯದಲ್ಲಿ ಹಳೆಯ ಅರ್ಥವೇ ಉಳಿದಿದೆ. ಸಾಕ್ಷಿಯನ್ನು ಕರೆಸಿದ ಪಕ್ಷದ ವಕೀಲರು ಮೊದಲು ಮುಖ್ಯ ವಿಚಾರಣೆ ಮಾಡುತ್ತಾರೆ, ನಂತರ ಎದುರು ವಕೀಲರದು ಪಾಟಿ ಸವಾಲು, ಬೇಕಾದರೆ ಕೊನೆಗೆ ಮರು ವಿಚಾರಣೆ. ಉತ್ತರವನ್ನು ಬಾಯಿಗೆ ತುರುಕುವಂಥ ಪ್ರಶ್ನೆಗೆ ಮುಖ್ಯ ವಿಚಾರಣೆಯಲ್ಲಿ ಎದುರು ಪಕ್ಷ ತಕರಾರು ಎತ್ತಬಹುದು. ಪಾಟಿ ಸವಾಲಿನಲ್ಲಿ ಅಂಥ ಪ್ರಶ್ನೆಗೆ ಅವಕಾಶವಿದೆ. ಮುಖ್ಯ ಸಂಗತಿಯೊಂದನ್ನು ಅಲ್ಲಿ ಕೆದಕದೆ ಬಿಟ್ಟರೆ ಒಪ್ಪಿಕೊಂಡಂತೆ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಪಾಟಿ ಸವಾಲಿನ ‘ಸವಾಲ’ನ್ನು ‘ಪಂಥ’ ಎಂದು ಓದಿದರೆ ಕೆಲಸ ಕೆಟ್ಟಿತು.

‘ಸವಾಲು ಎದುರಿಸು’ ಎಂಬುದು ಇತ್ತೀಚಿನ ವರದಿಗಾರಿಕೆಯ ರೂಢಿ. ನೀರಿನ ಅಭಾವವೂ ಸವಾಲು, ರಸ್ತೆಯ ಗುಂಡಿಯೂ ಸವಾಲು. ತೊಡಕು, ಅಡಚಣೆ, ತಾಪತ್ರಯ ಎಲ್ಲ ಇದ್ದೂ ಎಲ್ಲಕ್ಕೂ ಇದನ್ನೇ ಬಳಸುವುದು ಸೋಮಾರಿತನ.

ಜವಾಬಿನ ಬಾಳು ಇಷ್ಟು ಗೋಜಲಿನದಲ್ಲ. ಫಾರಸಿಯ ‘ದಾರ್’ ಸೇರಿ ‘ಜವಾಬ್ದಾರ’, ಅಂದರೆ ಉತ್ತರ ಕೊಡಬೇಕಾದವನು. ‘ಬೇ’, ‘ಲಾ’ ಎರಡೂ ‘ಇಲ್ಲ’ ಎನ್ನುವ ಪೂರ್ವಪದಗಳೇ. ಆದರೂ ಕಲಬುರಗಿಯಲ್ಲಿ ಒಬ್ಬರನ್ನು ‘ಬೇಜವಾಬ್ದಾರ’ ಅಂದರೆ ಜಗಳ, ಅವರ ಮನೆಯ ಊಟವನ್ನು ‘ಲಾಜವಾಬ್’ ಅಂದರೆ ಇನ್ನೊಂದು ಸೌಟು ಬಡಿಸುತ್ತಾರೆ.