ಕ್ರೋಟನ್ ಕಿತ್ತು ಎಕ್ಕ ನೆಡಬೇಕಾ?

ಪ್ರಶ್ನೆ: ಬೆಂಗಳೂರಲ್ಲಿ ನಮ್ಮದು 30–40ರ ಸೈಟು. ಮನೆ ಮುಂದೆ ಒಂದಿಷ್ಟು ಲಾನ್, ಕ್ರೋಟನ್, ಕಾಗದದ ಹೂ ಇವೆ. ಈ ನೆಲದ್ದೇ ಗಿಡ ಹಾಕಿದರೆ ಚಿಟ್ಟೆ, ಹಕ್ಕಿ ಜಾಸ್ತಿ ಬರುತ್ತವೆ, ಕೆರೆಗೂ ಒಳ್ಳೆಯದು ಅಂತಾರೆ. ನಿಜವಾ?

ಉತ್ತರ: ಚಿಟ್ಟೆಯ ಮಾತು ನಿಜ. ಕೆರೆಯ ಮಾತು ಅರ್ಧ ನಿಜ.

ಹೂವಿದ್ದರೆ ಸಾಕು, ಚಿಟ್ಟೆ ಬರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಬರುತ್ತದೆ, ಮಕರಂದ ಹೀರಿ ಹೊರಟುಹೋಗುತ್ತದೆ. ಸಂಸಾರ ಹೂಡಬೇಕಾದರೆ ಅದಕ್ಕೆ ಎಲೆ ಬೇಕು, ಅದೂ ತನ್ನ ಮರಿಹುಳು ತಿನ್ನುವ ಎಲೆಯೇ ಆಗಬೇಕು. ಪ್ಲೇನ್ ಟೈಗರ್ ಅನ್ನೋ ಚಿಟ್ಟೆ ಎಕ್ಕದ ಮೇಲೆ ಮೊಟ್ಟೆ ಇಡುತ್ತದೆ. ಕ್ರಿಮ್ಸನ್ ರೋಸ್‌ಗೆ ಈಶ್ವರಿ ಬಳ್ಳಿ, ಕಾಮನ್ ಎಮಿಗ್ರಂಟ್‌ಗೆ ಕಕ್ಕೆ, ಕಾಮನ್ ಮಾರ್ಮನ್‌ಗೆ ಕರಿಬೇವು, ನಿಂಬೆ. ಒಮ್ಮೆ ನಮ್ಮನೆ ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ ಅಂತ ಒರೆಸಲು ಹೋದೆ. ಹಿಕ್ಕೆ ಮೆಲ್ಲಗೆ ತೆವಳಿತು! ಎಳೆಯ ಮಾರ್ಮನ್ ಹುಳು ಇರುವುದೇ ಹಾಗೆ.

ಹಾಗಾಗಿ ಎಲೆ ತೂತಾದರೆ ಔಷಧಿ ಹೊಡೆಯಬೇಡಿ. ದಾಸವಾಳದ ಮಕರಂದ ಕುಡಿಯುವ ಸೂರಕ್ಕಿ ಕೂಡ ಮರಿಗಳಿಗೆ ಹುಳು, ಜೇಡ ಹಿಡಿದು ತಂದು ತಿನ್ನಿಸುತ್ತದೆ.

ಇನ್ನು ಕೆರೆ. ಬೆಳ್ಳಂದೂರು ಕೆರೆಯ ನೊರೆಗೆ ಮುಖ್ಯ ಕಾರಣ ಒಳಚರಂಡಿ ನೀರು. ನೀವು ಎಷ್ಟು ಗಿಡ ನೆಟ್ಟರೂ ಅದು ನಿಲ್ಲುವುದಿಲ್ಲ. ಆದರೆ ಲಾನಿಗೆ ಹಾಕಿದ ಗೊಬ್ಬರ, ಔಷಧಿ ಮಳೆ ನೀರಿನ ಜೊತೆ ಚರಂಡಿಗೆ ಇಳಿದು, ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ. ಅಷ್ಟನ್ನಂತೂ ತಡೆಯಬಹುದು. ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗದ ಮೇಲೆ 1 ಸೆಂಟಿಮೀಟರ್ ಮಳೆ ಬಿದ್ದರೆ 90 ಲೀಟರಿಗೂ ಜಾಸ್ತಿ ನೀರು. ಸಿಮೆಂಟ್ ಹಾಕಿದ್ದರೆ ಅಷ್ಟೂ ರಸ್ತೆಗೆ ಹೋಗುತ್ತದೆ. ಸಡಿಲ ಮಣ್ಣು, ಮೇಲೊಂದಿಷ್ಟು ತರಗೆಲೆ ಇದ್ದರೆ ಬಹುಪಾಲು ಅಲ್ಲೇ ಇಂಗುತ್ತದೆ. ನೀರು ಹರಿಯುವ ಅಂಚಿಗೆ ಲಾವಂಚ ಹಾಕಿ. ಅದರ ಬೇರು ಎರಡು–ಮೂರು ಮೀಟರ್ ಆಳಕ್ಕೆ ಇಳಿದು ಮಣ್ಣನ್ನು ಹಿಡಿದಿಡುತ್ತದೆ.

ಕಾಗದದ ಹೂ ಇಷ್ಟವಿದ್ದರೆ ಇರಲಿ ಬಿಡಿ. ದಕ್ಷಿಣ ಅಮೆರಿಕದಿಂದ ಬಂದದ್ದು ಅಂತ ಸುಮ್ನೆ ಕಡಿಯಬೇಕಿಲ್ಲ. ಮೊದಲು ಲಾನ್ ತೆಗೆಯಿರಿ. ಅತ್ತಿಗೆ ಹಕ್ಕಿಗಳು ಮುತ್ತುತ್ತವೆ ನಿಜ, ಆದರೆ ನಿಮ್ಮ ಸೈಟಿಗೆ ಅದು ಬೇಡ, ಪಾಯಕ್ಕೇ ಬೇರು ಬಿಟ್ಟೀತು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕರಿಬೇವಿನಿಂದಲೇ ಶುರು ಮಾಡಿ. ಹುಳು ತಿಂದು ಬಿಟ್ಟಿದ್ದು ಸಾರಿನ ಒಗ್ಗರಣೆಗಾಗುತ್ತದೆ.